ಸ್ಟ್ರಾಟೋಸ್ಫಿಯರಿಗೆ ಗಂಧಕ ಬಿಟ್ಟರೆ ನಮ್ಮ ಜೂನ್ ಮಳೆ ಎಂತಾಗ್ತದೆ? ಮಾಡೆಲ್ ಕಡತ ಓದುವವರು ಸ್ವಲ್ಪ ನೋಡಿ

ಪಯಸ್ವಿನಿ ದಡ:
ಎಲ್ಲರಿಗೂ ನಮಸ್ಕಾರ. ಎತ್ತರದ ವಾಯುಪದರಕ್ಕೆ ಗಂಧಕದ ಡೈಆಕ್ಸೈಡ್ ಬಿಟ್ಟು ಬಿಸಿಲನ್ನು ತುಸು ತಡೆಯುವುದನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದ ಅರೈಸ್ ಪ್ರಯೋಗದ ತಿಂಗಳ ಕಡತಗಳಿಂದ ಕಾಸರಗೋಡಿನ ಮಳೆ ತೆಗೆದಿದ್ದೇನೆ. ಹವಾಮಾನದ ಮಾಡೆಲ್ ಸಿಇಎಸ್ಎಂ2, ಅದರ ವಾತಾವರಣದ ಭಾಗ ವಾಕಂ6. ಬಿಂದು 12.5 ಡಿಗ್ರಿ ಉತ್ತರ, 75 ಡಿಗ್ರಿ ಪೂರ್ವ. ಚರ, ಎಂದರೆ ಕಡತದಿಂದ ತೆಗೆದ ಅಳತೆಯ ಹೆಸರು, ಪ್ರೆಕ್-ಸಿ. ಒಂದೇ ಪ್ರಯೋಗವನ್ನು ಆರಂಭ ತುಸು ಬದಲಿಸಿ ಹಲವು ಸಲ ಓಡಿಸಿದ್ದರಲ್ಲಿ ಒಂದನೇ ಓಟ, ಒಂದನೇ ಸದಸ್ಯ ಮಾತ್ರ, 2050ರಿಂದ 2069ರ ತನಕ. ಗಂಧಕ ಬಿಟ್ಟ ಓಟದಲ್ಲಿಯೂ ಬಿಡದ ಓಟದಲ್ಲಿಯೂ ಜೂನ್ ಮಳೆ ತೀರಾ ಕಮ್ಮಿ ಕಾಣ್ತದೆ. ಜುಲೈಯಲ್ಲಿ ಏಕಾಏಕಿ ಏರ್ತದೆ, ಅಕ್ಟೋಬರಿನಲ್ಲಿ ಇನ್ನೂ ಮಳೆಗಾಲವೇ. ಎರಡು ಓಟಗಳ ನಡುವಿನ ವ್ಯತ್ಯಾಸವೋ, ಒಂದು ವರ್ಷ ಮೇಲೆ, ಇನ್ನೊಂದು ವರ್ಷ ಕೆಳಗೆ. ಸರಾಸರಿ ತೆಗೆದರೆ ಗಂಧಕದ ಓಟದಲ್ಲಿ ಸ್ವಲ್ಪ ಕಮ್ಮಿ. "ಕಾಸರಗೋಡಿನಲ್ಲಿ ಮಳೆ ಕಮ್ಮಿಯಾಗ್ತದೆ" ಎಂದು ಬರೆಯಬಹುದಾ?

ಮಳೆಮಾಪಕ:
ಸದ್ಯಕ್ಕೆ ಬರೆಯಬೇಡಿ. ಮೂರು ತಪ್ಪು ಕಾಣ್ತಾ ಉಂಟು.

ಮೊದಲನೆಯದು ತಿಂಗಳ ಹೆಸರು. ಸಿಇಎಸ್ಎಂ ತನ್ನ ತಿಂಗಳ ಸರಾಸರಿಗೆ ಆ ತಿಂಗಳು ಮುಗಿದ ಕ್ಷಣದ ಮುದ್ರೆ ಒತ್ತುತ್ತದೆ. ಮೇ ತಿಂಗಳ ಸರಾಸರಿಯ ಮೇಲೆ ಜೂನ್ 1, 00 ಗಂಟೆ ಎಂದಿರ್ತದೆ. ಎಕ್ಸ್‌ಅರೇ ಎಂಬ ಪೈಥಾನ್ ಸಲಕರಣೆಯಲ್ಲಿ ತೆರೆದು "ತಿಂಗಳು 6" ಎಂದು ಆರಿಸಿದರೆ ನಿಮಗೆ ಸಿಗುವುದು ಮೇ. ನಿಮ್ಮ "ಅಕ್ಟೋಬರ್" ನಿಜದಲ್ಲಿ ಸೆಪ್ಟೆಂಬರ್. ಜೂನ್‌ನಿಂದ ಸೆಪ್ಟೆಂಬರ್ ಎಂದು ಕೂಡಿಸಿದವರಿಗೆ ಮೇಯಿಂದ ಆಗಸ್ಟ್ ಸಿಕ್ಕಿರ್ತದೆ, ಅದು ಗೊತ್ತೂ ಆಗುವುದಿಲ್ಲ, ಯಾಕೆಂದರೆ ಮೊತ್ತ ನೋಡ್ಲಿಕ್ಕೆ ಅಷ್ಟೇನೂ ಅಸಹಜ ಇರುವುದಿಲ್ಲ. ಜೂನ್ ಒಂದನ್ನೇ ನೋಡಿದ್ದರಿಂದ ನೀವು ಬಚಾವ್. ಪರಿಹಾರ: ಕಡತದೊಳಗೆ ಕಾಲದ ಗಡಿಗಳ ಚರ ಉಂಟು, ಟೈಮ್-ಬೌಂಡ್ಸ್. ಎರಡು ಗಡಿಗಳ ಸರಾಸರಿ ತೆಗೆದು ಅದನ್ನೇ ಕಾಲ ಎಂದು ಇಟ್ಟುಕೊಳ್ಳಿ. ಕಡತ ತಿದ್ದುವ ಸಿಡಿಒ ಸಲಕರಣೆ ಬಳಸುವವರಾದರೆ ಶಿಫ್ಟ್‌ಟೈಮ್‌ನಲ್ಲಿ 15 ದಿನ ಹಿಂದಕ್ಕೆ ತಳ್ಳಿದರೆ ಸಾಕು. ಪಂಚಾಂಗ 365 ದಿನದ್ದು, ಫೆಬ್ರವರಿ 29 ಇಲ್ಲ. ಭಾರತೀಯ ಹವಾಮಾನ ಇಲಾಖೆಯ ದಿನದ ಕಡತದ ಪಕ್ಕ ಇಡುವಾಗ ಅದೂ ನೆನಪಿರಲಿ.

ಎರಡನೆಯದು, ಪ್ರೆಕ್-ಸಿ ಎಂದರೆ ಬಿಸಿ ಗಾಳಿ ಮೇಲೆದ್ದು ಬರುವ ಸಂವಹನದ ಮಳೆ ಮಾತ್ರ, ಮಾಡೆಲ್ ಭೂಮಿಯನ್ನು ಹಂಚಿಕೊಳ್ಳುವ ಜಾಲರಿಯ ಚೌಕಕ್ಕಿಂತ ಸಣ್ಣ ಮೋಡಗಳದ್ದು. ದೊಡ್ಡ ಹರವಿನ ಮಳೆ ಪ್ರೆಕ್-ಎಲ್‌ನಲ್ಲಿ ಉಂಟು. ಎರಡನ್ನೂ ಕೂಡಿಸಬೇಕು. ಮಾನ ಸೆಕೆಂಡಿಗೆ ಮೀಟರ್. 1000ದಿಂದ ಗುಣಿಸಿ, 86,400ರಿಂದ ಗುಣಿಸಿ, ದಿನಕ್ಕೆ ಮಿಲಿಮೀಟರ್ ಬರ್ತದೆ. ತಿಂಗಳ ಮೊತ್ತ ಬೇಕಿದ್ದರೆ ಆಯಾ ತಿಂಗಳ ದಿನಗಳಿಂದ ಗುಣಿಸಿ.

ಮೂರನೆಯದು ಒಂದೇ ಸದಸ್ಯ. ಅದನ್ನು ಕುಂಬಳೆ ಮಾಷ್ಟ್ರು ಹೇಳಿದರೆ ಚಂದ.

ಪಯಸ್ವಿನಿ ದಡ:
ಅಬ್ಬಾ. ಗಡಿ ನೋಡಿ ಸರಿಮಾಡಿದೆ. ಜೂನ್ ಜೂನಿನ ಹಾಗೆ ಬಂತು. ಆದರೂ ಇಲ್ಲಿಯ ಮಳೆಗಿಂತ ಬಹಳ ಕಮ್ಮಿ. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಬೀಳುವ ಊರು ಇದು.

ಮಳೆಮಾಪಕ:
ನೀವು ಆರಿಸಿದ್ದು ಊರನ್ನಲ್ಲ, ಒಂದು ಚೌಕವನ್ನು. ವಾಕಂ6ರ ಜಾಲರಿ ಅಕ್ಷಾಂಶದಲ್ಲಿ 0.94 ಡಿಗ್ರಿ, ರೇಖಾಂಶದಲ್ಲಿ 1.25 ಡಿಗ್ರಿ. ನಮ್ಮ ಅಕ್ಷಾಂಶದಲ್ಲಿ ಅದು ಸುಮಾರು 104 ಕಿ.ಮೀ. ಉದ್ದ, 136 ಕಿ.ಮೀ. ಅಗಲ. ಹತ್ತಿರದ ಕೇಂದ್ರ 12.72 ಉತ್ತರ, 75.0 ಪೂರ್ವ. ಚೌಕದ ಅಂಚು ತೆಂಕಲಿಗೆ 12.25, ಬಡಗಿಗೆ 13.19, ಪಡುವಣಕ್ಕೆ 74.375, ಮೂಡಣಕ್ಕೆ 75.625. ನಕ್ಷೆಯಲ್ಲಿ ಗೀಟು ಹಾಕಿ ನೋಡಿ: ಕಾಸರಗೋಡು, ಕುಂಬಳೆ, ಮಂಜೇಶ್ವರ, ಮಂಗಳೂರು, ಪುತ್ತೂರು, ಸುಳ್ಯ, ಎಲ್ಲವೂ ಒಂದೇ ಚೌಕ. ಅದರಲ್ಲಿ ಐದರಲ್ಲಿ ಎರಡು ಪಾಲು ಬರೀ ಕಡಲು. ಮಡಿಕೇರಿ ಅಂಚಿನಾಚೆ ಪಕ್ಕದ ಚೌಕಕ್ಕೆ ಹೋಯಿತು, ಅಲ್ಲಿ ಘಟ್ಟದಾಚೆಯ ಮಳೆನೆರಳಿನ ಸೀಮೆ ಬೆರೆತುಕೊಂಡಿದೆ. 1,700 ಮೀಟರ್ ದಾಟುವ ಪುಷ್ಪಗಿರಿಯಂಥ ಶಿಖರ ಈ ಜಾಲರಿಯಲ್ಲಿ ತಟ್ಟಿ ಚಪ್ಪಟೆ ಮಾಡಿದ ದಿಬ್ಬ. ಕಡಲಿನ ಗಾಳಿ ಎದ್ದು ಹತ್ತುವ ಗೋಡೆಯೇ ಇಲ್ಲದ ಮೇಲೆ ಮಳೆ ಎಲ್ಲಿಂದ ಬರಬೇಕು?

ಹಾಗಾಗಿ ಈ ಕಡತದಿಂದ "ಇಷ್ಟು ಮಿ.ಮೀ." ಎಂದು ಕೇಳ್ಲಿಕ್ಕೆ ಹೋಗಬೇಡಿ. ಕೇಳಬಹುದಾದದ್ದು ಶೇಕಡಾ ಎಷ್ಟು ಬದಲಾವಣೆ ಎಂದು, ಅದೂ ಕೇರಳ-ಕರಾವಳಿ-ಘಟ್ಟ ಸೇರಿದ ಹತ್ತು ಹನ್ನೆರಡು ಚೌಕಗಳ ಮೇಲೆ, ನೆಲದ ಪಾಲಿನ ತೂಕ ಕೊಟ್ಟು. ಕಡತದ ಜೊತೆ ನೆಲದ ಭಾಗಾಂಶದ ಚರ ಬರ್ತದೆ, ಅದರಿಂದ ಗುಣಿಸಿ ಸರಾಸರಿ ತೆಗೆಯಿರಿ.

ಕುಂಬಳೆ ಮಾಷ್:
ಒಂದೇ ಸದಸ್ಯದ ಲೆಕ್ಕ ನಾನು ಹೇಳ್ತೇನೆ, ಕಾಗದ ಪೆನ್ಸಿಲಿನದ್ದೇ.

ಇಡೀ ಭಾರತದ ಮುಂಗಾರು ಮಳೆಯ ದೀರ್ಘ ಸರಾಸರಿ 87 ಸೆಂ.ಮೀ., ವರ್ಷದಿಂದ ವರ್ಷಕ್ಕೆ ಅದರ ಏರಿಳಿತ ಸುಮಾರು ಶೇ. 10. ಇಪ್ಪತ್ತು ವರ್ಷದ ಸರಾಸರಿ ತೆಗೆದರೆ ಅನಿಶ್ಚಿತತೆ 10 ಭಾಗಿಸು 20ರ ವರ್ಗಮೂಲ, ಎಂದರೆ ಶೇ. 2.2. ಎರಡು ಓಟಗಳ ವ್ಯತ್ಯಾಸಕ್ಕೆ ಅದನ್ನು 2ರ ವರ್ಗಮೂಲದಿಂದ ಗುಣಿಸಬೇಕು, ಶೇ. 3.2. ಇದರ ದುಪ್ಪಟ್ಟು ದಾಟದೆ ನಾನು ನಂಬುವುದಿಲ್ಲ. ಎಂದರೆ ಒಂದೊಂದೇ ಸದಸ್ಯ ಇಟ್ಟುಕೊಂಡರೆ ಶೇ. 6ಕ್ಕಿಂತ ಸಣ್ಣ ಬದಲಾವಣೆ ಕಾಣುವುದೇ ಇಲ್ಲ. ಹತ್ತು ಸದಸ್ಯರನ್ನೂ ತೆಗೆದುಕೊಂಡರೆ 200 ವರ್ಷ, ಅನಿಶ್ಚಿತತೆ 0.7, ವ್ಯತ್ಯಾಸಕ್ಕೆ 1.0, ದುಪ್ಪಟ್ಟು 2. ಅರೈಸ್‌ನಲ್ಲಿ ಹತ್ತು ಸದಸ್ಯರಿದ್ದಾರೆ, ಇಂಥದ್ದೇ ಮೊದಲಿನ ಪ್ರಯೋಗ ಗ್ಲೆನ್ಸ್‌ನಲ್ಲಿ ಇಪ್ಪತ್ತು. ಅಷ್ಟು ಖರ್ಚು ಮಾಡಿ ಓಡಿಸಿದ್ದು ಇದೇ ಕಾರಣಕ್ಕೆ, ಒಂದನೇ ಸದಸ್ಯನನ್ನು ಮಾತ್ರ ಇಳಿಸಿಕೊಳ್ಳಲಿ ಎಂದಲ್ಲ!

ಇನ್ನೊಂದು. ಒಂದೇ ಚೌಕದಲ್ಲಿ ಏರಿಳಿತ ಶೇ. 10ಕ್ಕಿಂತ ಹೆಚ್ಚೇ ಇರ್ತದೆ. ಅಲ್ಲದೆ ಜಾಲರಿಯಲ್ಲಿ 192 ಸಾಲು, 288 ಕಂಬ, ಒಟ್ಟು 55,296 ಚೌಕ. ಪ್ರತಿ ಚೌಕಕ್ಕೂ ಬದಲಾವಣೆ ನಿಜವೋ ಆಕಸ್ಮಿಕವೋ ಎಂಬ ಶೇ. 5ರ ಪರೀಕ್ಷೆ ಮಾಡಿದರೆ ಏನೂ ಬದಲಾಗದಿದ್ದರೂ ಸುಮಾರು 2,765 ಚೌಕಗಳಲ್ಲಿ "ಬದಲಾವಣೆ ಉಂಟು" ಎಂಬ ಚುಕ್ಕಿ ಬೀಳ್ತದೆ. ನಕ್ಷೆಯಲ್ಲಿ ನಮ್ಮೂರಿನ ಮೇಲೆ ಚುಕ್ಕಿ ಉಂಟು ಎಂದ ಮಾತ್ರಕ್ಕೆ ಹೆದರುವುದೂ ಬೇಡ, ಕುಣಿಯುವುದೂ ಬೇಡ.

ಅಡಿಕೆ ಸೋಗೆ:
ಮಾಷ್ಟ್ರೆ, ಲೆಕ್ಕ ಅರ್ಥ ಆಯ್ತು. ಬೇರೆ ಪ್ರಶ್ನೆ. ಗಂಧಕ ಎಷ್ಟು ಬಿಡಬೇಕು ಎಂಬುದು ಟನ್ನಿನಲ್ಲಿ ಮಾತ್ರ ಹೇಳ್ತಾರೆ. ನಾವು ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಎಂಬುದು ಅರ್ಧ ಕಥೆ. ಗನ್ನಿನ ತೂತು ಸವೆದಿದ್ದರೆ ಹನಿ ದಪ್ಪ ಬಂದು ಗೊನೆಯಿಂದ ಜಾರಿ ಬುಡಕ್ಕೆ ಬೀಳ್ತದೆ. ಮೇಲೆ ಕೂಡ ಹನಿಯ ಗಾತ್ರ ಲೆಕ್ಕಕ್ಕೆ ಬರ್ತದಾ?

ಬೇಕಲದ ಗಾಳಿ:
ಸೋಗೆಯಣ್ಣ, ಇಡೀ ವಿಷಯದ ನಡುಗಂಬ ಅದೇ.

ಬಿಡುವುದು ಅನಿಲ, ಗಂಧಕದ ಡೈಆಕ್ಸೈಡ್, ಎಸ್‌ಒ2. ಅದು ಮೇಲೆ ಹೈಡ್ರಾಕ್ಸಿಲ್ ಜೊತೆ ಸೇರಿ ಗಂಧಕಾಮ್ಲವಾಗ್ಲಿಕ್ಕೆ ಸುಮಾರು ಒಂದು ತಿಂಗಳು. ಆಮ್ಲದ ಆವಿ ನೀರಿನೊಂದಿಗೆ ಕಣವಾಗ್ತದೆ, ತೂಕದಲ್ಲಿ ಮುಕ್ಕಾಲು ಆಮ್ಲ, ಕಾಲು ನೀರು. ಲೆಕ್ಕ ಹಾಕಿದರೆ ಒಂದು ಟನ್ ಎಸ್‌ಒ2ಗೆ ಹತ್ತಿರ ಎರಡು ಟನ್ ಕಣದ ರಾಶಿ. ಬಿಸಿಲು ಚದುರಿಸ್ಲಿಕ್ಕೆ ಒಳ್ಳೆ ಗಾತ್ರ ತ್ರಿಜ್ಯ 0.2ರಿಂದ 0.3 ಮೈಕ್ರಾನ್. ಫಿಲಿಪ್ಪೀನ್ಸಿನ ಪಿನಟುಬೊ ಜ್ವಾಲಾಮುಖಿ 1991ರ ಜೂನ್‌ನಲ್ಲಿ ಸಿಡಿದು 15ರಿಂದ 20 ದಶಲಕ್ಷ ಟನ್ ಎಸ್‌ಒ2 ಒಗೆದಾಗ ಪರಿಣಾಮಿ ತ್ರಿಜ್ಯ 0.5 ಮೈಕ್ರಾನ್ ತನಕ ಹೋಯಿತು. ಭೂಮಿಯ ಸರಾಸರಿ ತಾಪ ಮರುವರ್ಷ ಸುಮಾರು ಅರ್ಧ ಡಿಗ್ರಿ ಇಳಿಯಿತು. ಒಂದು ವರ್ಷದಲ್ಲಿ ರಾಶಿ ಮೂರನೇ ಒಂದು ಪಾಲಿಗೆ ಇಳಿದದ್ದೂ ಅಲ್ಲಿಯ ಪಾಠ.

ಜ್ವಾಲಾಮುಖಿ ಒಮ್ಮೆ ಬಿಡ್ತದೆ. ಇಲ್ಲಿ ವರ್ಷ ವರ್ಷ ಬಿಡಬೇಕು. ಹೊಸ ಅನಿಲ ಇದ್ದ ಕಣಗಳ ಮೇಲೆಯೇ ಕೂತು ಅವನ್ನು ಕೊಬ್ಬಿಸ್ತದೆ. ಕಣಗಳು ಒಂದಕ್ಕೊಂದು ತಾಗಿ ಕೂಡಿಕೊಳ್ತವೆ, ಸಂಖ್ಯೆ ದುಪ್ಪಟ್ಟಾದರೆ ತಾಗುವುದು ನಾಲ್ಕು ಪಟ್ಟು. ದಪ್ಪ ಕಣ ಬೇಗ ಬೀಳ್ತದೆ, ತೂಕಕ್ಕೆ ತಕ್ಕ ನೆರಳೂ ಕೊಡುವುದಿಲ್ಲ. ಹಾಗಾಗಿ ದುಪ್ಪಟ್ಟು ಬಿಟ್ಟರೆ ದುಪ್ಪಟ್ಟು ತಂಪು ಸಿಗುವುದಿಲ್ಲ. ಗ್ಲೆನ್ಸ್‌ನಲ್ಲಿ ಹೊಗೆ ತೀರಾ ಏರುವ ಆರ್‌ಸಿಪಿ8.5 ಎಂಬ ಊಹೆಯ ಬಿಸಿಯನ್ನು 2020ರ ಮಟ್ಟದಲ್ಲೇ ಹಿಡಿದಿಡಲು ಹೊರಟು ಶತಮಾನದ ಕೊನೆಗೆ ವರ್ಷಕ್ಕೆ 50 ದಶಲಕ್ಷ ಟನ್ನಿನ ಹತ್ತಿರ ಬಂದು ನಿಂತಿತು. ಪ್ರತಿ ವರ್ಷ ಎರಡು ಮೂರು ಪಿನಟುಬೊ.

ಮಾಡೆಲಿನೊಳಗೆ ಗಾತ್ರವನ್ನು ಹಿಡಿಯುವ ಬಗೆ ಮೂರು. ರಾಶಿ ವಿಧಾನದಲ್ಲಿ ಗಾತ್ರ ಮೊದಲೇ ನಿಗದಿ, ಕಣ ಬೆಳೆಯುವುದೇ ಇಲ್ಲ. ಇಂಥ ಮಾಡೆಲಿನಲ್ಲಿ ಎಷ್ಟು ಬಿಟ್ಟರೂ ಗನ್ನಿನ ತೂತು ಹೊಸದೇ. ಮೋಡ್ ವಿಧಾನದಲ್ಲಿ ನಾಲ್ಕೈದು ಗಂಟೆಯಾಕಾರದ ಹಂಚಿಕೆ. ಸಿಇಎಸ್ಎಂ2ರಲ್ಲಿ ಮ್ಯಾಮ್4, ಬ್ರಿಟನ್ನಿನ ಯುಕೆಇಎಸ್ಎಂ1ರಲ್ಲಿ ಗ್ಲೋಮ್ಯಾಪ್. ಹಂಚಿಕೆಯ ಅಗಲ ನಿಗದಿ ಇರುವುದರಿಂದ ಅಂಚಿನ ದಪ್ಪ ಕಣಗಳು ಸರಿಯಾಗಿ ಬರುವುದಿಲ್ಲ. ಗಾತ್ರವನ್ನು ಹತ್ತಾರು ಡಬ್ಬಿ ಮಾಡಿ ಒಂದೊಂದನ್ನೂ ಬೇರೆ ಬೇರೆ ಲೆಕ್ಕ ಹಾಕುವುದು ಕಾರ್ಮಾದ ಬಗೆ. ನಿಖರ, ಆದರೆ ಓಡಿಸುವಷ್ಟರಲ್ಲಿ ಬೆವರು ಇಳೀತದೆ.

ಮೂರಕ್ಕೂ ಇರುವ ಒಂದೇ ಕಾಯಿಲೆ ಹೇಳಿಬಿಡ್ತೇನೆ. ವಿಮಾನದ ಹಿಂದಿನ ಹೊಗೆಸಾಲು ಕೆಲವು ಮೀಟರ್ ಅಗಲ. ಮಾಡೆಲ್ ಅದನ್ನು ಬಿಟ್ಟ ಕ್ಷಣವೇ ನೂರು ಕಿ.ಮೀ. ಚೌಕಕ್ಕೆ ಸಮನಾಗಿ ಹರಡಿಬಿಡ್ತದೆ. ಅನಿಲ ಬಿಟ್ಟರೆ ತಿಂಗಳು ಕಾಲಾವಕಾಶ ಇರುವುದರಿಂದ ಅದು ನಡೀತದೆ. ಆಮ್ಲದ ಆವಿಯನ್ನೇ ನೇರ ಬಿಡುವ ಪ್ರಯೋಗಕ್ಕೆ ನಡೆಯುವುದಿಲ್ಲ, ಹೊಗೆಸಾಲಿನೊಳಗೆ ಕೆಲವೇ ಗಂಟೆಗಳಲ್ಲಿ ಗಾತ್ರ ತೀರ್ಮಾನ ಆಗಿರ್ತದೆ.

ಅಡಿಕೆ ಸೋಗೆ:
ಸರಿ. ಹಾಗಾದರೆ ಎಲ್ಲಿ ಹೊಡೆಯುವುದು ಎಂಬುದಕ್ಕೂ ಲೆಕ್ಕ ಇರ್ತದಲ್ಲ? ಗಾಳಿ ನೋಡದೆ ಹೊಡೆದರೆ ಮುಖಕ್ಕೇ ಬರ್ತದೆ.

ಬೇಕಲದ ಗಾಳಿ:
ಉಂಟು. ಸಮಭಾಜಕದಲ್ಲಿ ಬಿಟ್ಟರೆ ಉಷ್ಣವಲಯದ ಮೇಲೆಯೇ ಕೂಡಿ ಕೂತು ಕಣ ದಪ್ಪ ಆಗ್ತದೆ. ಅಲ್ಲಿ ಅತಿಗೆಂಪನ್ನು ಹೀರಿ ಸ್ಟ್ರಾಟೋಸ್ಫಿಯರಿನ ಕೆಳಭಾಗ ಬಿಸಿಯಾಗಿ, ಸುಮಾರು 28 ತಿಂಗಳಿಗೊಮ್ಮೆ ದಿಕ್ಕು ಬದಲಿಸುವ ಸಮಭಾಜಕದ ಮೇಲಿನ ಗಾಳಿ, ಕ್ಯೂಬಿಒ, ಪಶ್ಚಿಮದ ಗಾಳಿಯಲ್ಲೇ ಸಿಕ್ಕಿಬೀಳುವ ಸಂಭವ ಉಂಟು. ಲಂಬ ಪದರ ಕಮ್ಮಿ ಇರುವ ಮಾಡೆಲಿನಲ್ಲಿ ಕ್ಯೂಬಿಒವೇ ಹುಟ್ಟುವುದಿಲ್ಲ, ಕೆಡುವುದು ಹೇಗೆ ತಿಳಿಯಬೇಕು? ವಾಕಂ6ರಲ್ಲಿ 70 ಪದರ, ತುದಿ ಸುಮಾರು 140 ಕಿ.ಮೀ. ಅದಕ್ಕೇ ಈ ಕೆಲಸಕ್ಕೆ ಅದನ್ನು ಹಿಡಿದದ್ದು.

ಅರೈಸ್‌ನಲ್ಲಿ ಬಿಡುವ ಜಾಗ ನಾಲ್ಕು: 15 ಮತ್ತು 30 ಡಿಗ್ರಿ, ಉತ್ತರಕ್ಕೂ ದಕ್ಷಿಣಕ್ಕೂ, ಎತ್ತರ ಸುಮಾರು 21.5 ಕಿ.ಮೀ., ಸುರು 2035ರಲ್ಲಿ.

ಮಳೆಮಾಪಕ:
ನಮ್ಮ ಮಳೆಯ ಮಟ್ಟಿಗೆ ನಿಜವಾದ ವಿಷಯ ಇಲ್ಲಿ ಸುರು ಆಗ್ತದೆ. ಮೊತ್ತಕ್ಕಿಂತ ಯಾವ ಅಕ್ಷಾಂಶ ಎಂಬುದೇ ಮುಂಗಾರನ್ನು ಎಳೀತದೆ.

ಉತ್ತರಾರ್ಧ ಗೋಳದಲ್ಲಿ ಮಾತ್ರ ಬಿಟ್ಟರೆ ಆ ಅರ್ಧ ಹೆಚ್ಚು ತಂಪು. ಉಷ್ಣವಲಯದ ಮಳೆಪಟ್ಟಿ ಬಿಸಿ ಇರುವ ಕಡೆ, ತೆಂಕಲಿಗೆ, ಜಾರ್ತದೆ. 2013ರಲ್ಲಿ ಬ್ರಿಟನ್ನಿನ ಹ್ಯಾಡ್‌ಜೆಮ್2 ಮಾಡೆಲಿನಲ್ಲಿ ಉತ್ತರಕ್ಕೆ ಮಾತ್ರ ಬಿಟ್ಟು ನೋಡಿದಾಗ ಆಫ್ರಿಕದ ಸಾಹೇಲ್ ಒಣಗಿತು, ದಕ್ಷಿಣಕ್ಕೆ ಮಾತ್ರ ಬಿಟ್ಟಾಗ ಹಸಿರಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗೋವಿಂದಸಾಮಿ ಬಾಲ ಅವರ ಗುಂಪು ಇದನ್ನೇ ಮುಂಗಾರಿಗೆ ನೋಡಿತು: 15 ಉತ್ತರದಲ್ಲಿ ಬಿಟ್ಟರೆ ಉತ್ತರಾರ್ಧದ ಮುಂಗಾರು ಮಳೆ ಕುಗ್ಗುತ್ತದೆ, 15 ದಕ್ಷಿಣದಲ್ಲಿ ಬಿಟ್ಟರೆ ತಿರುಗುಮುರುಗು. ಬರೀ ಒಟ್ಟು ಟನ್ ಹೇಳಿ ಮಳೆಯ ಬಗ್ಗೆ ಮಾತಾಡುವವರ ಮಾತು ಅರ್ಧಕ್ಕೇ ನಿಲ್ತದೆ.

ಅರೈಸ್‌ನಲ್ಲಿ ಎಲ್ಲಿ ಎಷ್ಟು ಎಂಬುದನ್ನು ಮನುಷ್ಯ ಮೊದಲೇ ಬರೆದಿಡುವುದಿಲ್ಲ. ಒಂದು ನಿಯಂತ್ರಕ ಉಂಟು. ಅದಕ್ಕೆ ಗುರಿ ಮೂರು: ಟಿ0 ಭೂಮಿಯ ಸರಾಸರಿ ತಾಪ, ಟಿ1 ಎರಡು ಗೋಳಾರ್ಧಗಳ ನಡುವಿನ ಅಂತರ, ಟಿ2 ಸಮಭಾಜಕ ಮತ್ತು ಧ್ರುವಗಳ ನಡುವಿನ ಅಂತರ. ವರ್ಷ ಮುಗಿದ ಮೇಲೆ ಮೂರರಲ್ಲಿಯೂ ಗುರಿಯಿಂದ ಎಷ್ಟು ತಪ್ಪಿತು ನೋಡಿ, ಈ ವರ್ಷದ ತಪ್ಪು ಮತ್ತು ಇಷ್ಟು ವರ್ಷ ಕೂಡಿದ ತಪ್ಪು ಎರಡನ್ನೂ ತೂಗಿ, ಮರುವರ್ಷ ನಾಲ್ಕು ಜಾಗಕ್ಕೂ ಪಾಲು ಹಾಕ್ತದೆ. ತೂಕ ಜಾಸ್ತಿ ಇಟ್ಟರೆ ಬಚ್ಚಲ ಹಂಡೆಯ ಕಥೆ ಆಗ್ತದೆ: ಬಿಸಿ ಎಂದು ತಣ್ಣೀರು ಸುರಿದು, ಅದು ಬೆರೆಯುವ ಮೊದಲೇ ಇನ್ನೊಂದು ಕೊಡಪಾನ ಸುರಿದು, ಮತ್ತೆ ಬೆಂಕಿ ಮುಂದೊತ್ತುವುದು. ಕಣದ ರಾಶಿ ನೆಲೆಗೊಳ್ಲಿಕ್ಕೇ ಒಂದು ವರ್ಷ ಬೇಕು, ಕಡಲು ಅದಕ್ಕಿಂತ ನಿಧಾನ.

ಈಗ ಆಶ್ಚರ್ಯ ನೋಡಿ. ಅದೇ ಗುರಿ, ಅದೇ ನಿಯಮ, ಮಾಡೆಲ್ ಬೇರೆ. ಸಿಇಎಸ್ಎಂ2ರಲ್ಲಿ ಹೆಚ್ಚಿನ ಪಾಲು 15 ದಕ್ಷಿಣಕ್ಕೆ ಹೋಯಿತು. ಯುಕೆಇಎಸ್ಎಂ1ರಲ್ಲಿ 30 ಉತ್ತರ ಮತ್ತು 30 ದಕ್ಷಿಣಕ್ಕೆ ಹೆಚ್ಚುಕಮ್ಮಿ ಸಮ. ಜಾಗತಿಕ ತಾಪ ಎರಡರಲ್ಲಿಯೂ ಗುರಿಗೆ ಬಂತು. ಪಯಸ್ವಿನಿಯವರೇ, ನೀವು ಒಂದು ಮಾಡೆಲಿನ ಒಂದು ಸದಸ್ಯನ ಒಂದು ಚೌಕ ನೋಡಿ ನಮ್ಮೂರಿನ ಬಗ್ಗೆ ಬರೆಯ ಹೊರಟದ್ದು, ಅಲ್ವಾ?

ಪಯಸ್ವಿನಿ ದಡ:
ಸಾಕು ಮಾರಾಯ್ರೆ, ಬರೆಯುವುದಿಲ್ಲ 🙏 ಹಾಗಾದರೆ ಹೋಲಿಸುವುದು ಯಾವುದರ ಜೊತೆ? ನಾನು ಗಂಧಕ ಬಿಡದ, ಹೊಗೆ ಮಧ್ಯಮ ಮಟ್ಟದ್ದೆಂದು ಊಹಿಸಿದ ಎಸ್‌ಎಸ್‌ಪಿ2-4.5 ಓಟದ ಅದೇ ವರ್ಷಗಳ ಜೊತೆ ಹೋಲಿಸಿದ್ದೆ.

ಕುಂಬಳೆ ಮಾಷ್:
ಎರಡೂ ಹೋಲಿಕೆ ಬೇಕು, ಎರಡರ ಅರ್ಥ ಬೇರೆ. 2050ರ ನಂತರದ ಗಂಧಕದ ಲೋಕವನ್ನು ಅದೇ ವರ್ಷಗಳ ಬಿಸಿ ಲೋಕದ ಜೊತೆ ಇಟ್ಟರೆ ಮಳೆ ಕಮ್ಮಿ ಕಾಣಬಹುದು, ಯಾಕೆಂದರೆ ಬಿಸಿ ಲೋಕದಲ್ಲಿ ಗಾಳಿ ಹೆಚ್ಚು ತೇವ ಹೊತ್ತು ಮಳೆಯನ್ನು ಏರಿಸಿರ್ತದೆ. ಗುರಿಯ ಆಧಾರ 2020ರಿಂದ 2039. ಆ ಕಾಲದ ಜೊತೆ ಇಟ್ಟರೆ ಬೇರೆ ಉತ್ತರ. ಒಂದೇ ಕಡತದಿಂದ ಇಬ್ಬರು "ಮಳೆ ಕಮ್ಮಿ", "ಮಳೆ ಹಾಗೇ" ಎಂದು ಜಗಳ ಆಡುವುದು ಇದರಿಂದಲೇ. ಮಳೆ ಒಂದನ್ನೇ ನೋಡದೆ ಮಳೆಯಿಂದ ಆವಿಯನ್ನು ಕಳೆದು ನೋಡಿ. ತಂಪಾದರೆ ಆವಿಯೂ ಕಮ್ಮಿ, ಗುಡ್ಡದ ನೀರಿನ ಸುರಂಗಕ್ಕೂ ಬಾವಿಗೂ ಇಳಿಯುವುದು ಉಳಿದ ನೀರು ತಾನೆ.

ಆದರೂ ಒಂದು ನಿಯಮ ಗಟ್ಟಿ. ತಾಪವನ್ನು ಪೂರ್ತಿ ಹಿಂದಕ್ಕೆ ತಂದರೆ ಮಳೆ ಮೊದಲಿಗಿಂತ ಕೆಳಗೆ ಇಳೀತದೆ. ಹಲವು ಮಾಡೆಲುಗಳನ್ನು ಹೋಲಿಸುವ ಜಿಯೋಮಿಪ್‌ನ ಜಿ1 ಪ್ರಯೋಗದಲ್ಲಿ ಇಂಗಾಲದ ಡೈಆಕ್ಸೈಡನ್ನು ನಾಲ್ಕು ಪಟ್ಟು ಮಾಡಿ, ಸೂರ್ಯನನ್ನು ಶೇ. 3.5ರಿಂದ 5ರಷ್ಟು ಮಂಕು ಮಾಡಿ ಸಮ ತೂಗಿದಾಗ ಜಾಗತಿಕ ಮಳೆ ಕೈಗಾರಿಕಾ ಪೂರ್ವ ಕಾಲಕ್ಕಿಂತ ಸುಮಾರು ಶೇ. 4.5 ಇಳಿಯಿತು. ಇಂಗಾಲ ತಾಪದ ಮೂಲಕ ಅಲ್ಲದೆ ನೇರವಾಗಿಯೂ ವಾಯುವಿನ ಶಾಖ ಬಿಡುಗಡೆಯನ್ನು ತಡೆದು ಮಳೆ ತಗ್ಗಿಸ್ತದೆ. ಬಿಸಿಲು ತಗ್ಗಿಸಿದರೆ ಆ ಪಾಲು ವಾಪಸ್ ಬರುವುದಿಲ್ಲ.

ಮೊಗ್ರಾಲ್ ಹೊಳೆ:
ದೊಡ್ಡ ಯಂತ್ರ ಇಲ್ಲದವರು ಸ್ವಂತ ಓಟ ಮಾಡ್ಲಿಕ್ಕೆ ಆಗುವುದೇ ಇಲ್ವಾ? ವಾಕಂ6 ಪೂರ್ತಿ ರಸಾಯನದ ಜೊತೆ ನಮ್ಮಂಥವರ ಸರ್ವರಿನಲ್ಲಿ ತೆವಳುವುದೂ ಇಲ್ಲ.

ಮಳೆಮಾಪಕ:
ರಸಾಯನ ಬಿಟ್ಟು, ಸೂರ್ಯನನ್ನೇ ಮಂಕು ಮಾಡಿ. 2000ದಲ್ಲಿ ಬಾಲ ಮತ್ತು ಕೆನ್ ಕಾಲ್ಡೀರಾ ಮಾಡಿದ್ದು ಅದನ್ನೇ: ಇಂಗಾಲ ಎರಡು ಪಟ್ಟು, ಸೂರ್ಯ ಶೇ. 1.8 ಕಮ್ಮಿ. ಲೆಕ್ಕ ಸಣ್ಣದು: 1361 ವ್ಯಾಟ್‌ನ ಶೇ. 1.8 ಎಂದರೆ 24.5, ಗೋಳಕ್ಕೆ ಹಂಚಿದರೆ ನಾಲ್ಕರಿಂದ ಭಾಗ, ಪ್ರತಿಫಲನ ಕಳೆದು 0.7ರಿಂದ ಗುಣಿಸಿದರೆ ಚದರ ಮೀಟರಿಗೆ 4.3 ವ್ಯಾಟ್. ಇಂಗಾಲ ದುಪ್ಪಟ್ಟಾದದ್ದರಿಂದ ಸೇರುವ ಶಾಖ 4 ವ್ಯಾಟಿನ ಒಳಗೆ. ಸ್ವಲ್ಪ ಹೆಚ್ಚು ಯಾಕೆ ಬೇಕೆಂದರೆ ಸೂರ್ಯನ ಒಂದು ವ್ಯಾಟ್ ಇಂಗಾಲದ ಒಂದು ವ್ಯಾಟಿನಷ್ಟು ಕೆಲಸ ಮಾಡುವುದಿಲ್ಲ.

ಕ್ರಮ ಹೀಗೆ. ಕಡಲಿಗೆ ತೆಳು ಪದರದ ಮಾದರಿ, ಸ್ಲ್ಯಾಬ್ ಓಶನ್, ಇರುವ ಸಂರಚನೆ ತೆಗೆದುಕೊಳ್ಳಿ, ಜಾಲರಿ 2 ಡಿಗ್ರಿಯದ್ದಾದರೂ ಸಾಕು. ಕ್ರಿಯೇಟ್-ನ್ಯೂಕೇಸ್, ಕೇಸ್-ಸೆಟಪ್, ಕೇಸ್-ಬಿಲ್ಡ್, ಕೇಸ್-ಸಬ್ಮಿಟ್, ಆಜ್ಞೆಗಳ ಸಾಲು ಇದೇ. ಮೂರು ಪ್ರಕರಣ ಕಟ್ಟಿ: ಮೂಲ, ಇಂಗಾಲ ದುಪ್ಪಟ್ಟು, ದುಪ್ಪಟ್ಟು ಮತ್ತು ಮಂಕು ಸೂರ್ಯ. ಮಂಕು ಮಾಡುವುದೆಂದರೆ ತರಂಗಾಂತರವಾರು ಸೌರ ಕಡತದ ಬೆಲೆಗಳನ್ನೆಲ್ಲ 0.982ರಿಂದ ಗುಣಿಸಿ ಹೊಸ ಹೆಸರಿನಲ್ಲಿ ಉಳಿಸಿ, ವಾತಾವರಣದ ಸೆಟ್ಟಿಂಗ್ ಪಟ್ಟಿಯಲ್ಲಿ, ನೇಮ್‌ಲಿಸ್ಟಿನಲ್ಲಿ, ಆ ಹೆಸರು ಕೊಡುವುದು. ಮೂಲ ಕಡತದ ಮೇಲೆಯೇ ಬರೆದರೆ ಮೂರೂ ಪ್ರಕರಣ ಮಂಕಾಗ್ತವೆ, ವ್ಯತ್ಯಾಸ ಸೊನ್ನೆ ಬಂತೆಂದು ತಲೆ ಕೆರೆಯಬೇಕಾಗ್ತದೆ. 60 ವರ್ಷ ಓಡಿಸಿ, ಮೊದಲ 20 ಬಿಸಾಡಿ. ಓಟವನ್ನು ಐದೈದು ವರ್ಷದ ತುಂಡು ಮಾಡಿ ಮರುಸಲ್ಲಿಕೆಗೆ ಹಾಕಿ, ಕರೆಂಟು ಹೋದರೆ ಕಳೆದುಕೊಳ್ಳುವುದು ಒಂದು ತುಂಡು ಮಾತ್ರ. ಮುಂದುವರಿಕೆಯ ಗುರುತು, ಕಂಟಿನ್ಯೂ-ರನ್, ಟ್ರೂ ಎಂದು ತಿದ್ದದೆ ಎರಡನೇ ತುಂಡು ಕೈಯಾರೆ ಸಬ್ಮಿಟ್ ಮಾಡಿದರೆ ಮೊದಲ ವರ್ಷದಿಂದಲೇ ಮತ್ತೆ ಸುರು.

ಇದರಲ್ಲಿ ಕಾಣದ್ದು: ಸ್ಟ್ರಾಟೋಸ್ಫಿಯರಿನ ಬಿಸಿ, ಕ್ಯೂಬಿಒ, ಓಝೋನ್, ಚದುರಿದ ಬೆಳಕು. ಮಳೆಯ ಮೊದಲ ಪಾಠಕ್ಕೆ ಮಾತ್ರ ಸಾಕು.

ಬೇಕಲದ ಗಾಳಿ:
ಎಸ್‌ಒ2ವನ್ನೇ ಬಿಡುವವರಿಗೆ ಒಂದು ಸಂಖ್ಯೆ ಬರೆದಿಡ್ತೇನೆ, ಎಡವುವುದು ಇಲ್ಲಿಯೇ. ಹೊರಗಿನ ಸುರಿತದ ಕಡತದಲ್ಲಿ ಮಾನ ಪ್ರತಿ ಘನ ಸೆಂಟಿಮೀಟರಿಗೆ, ಸೆಕೆಂಡಿಗೆ ಇಷ್ಟು ಅಣು. ವರ್ಷಕ್ಕೆ ಒಂದು ದಶಲಕ್ಷ ಟನ್ ಎಂದರೆ 10ರ 12ನೇ ಘಾತ ಗ್ರಾಂ. 64ರಿಂದ ಭಾಗಿಸಿ ಅವೊಗಾಡ್ರೊ ಸಂಖ್ಯೆಯಿಂದ ಗುಣಿಸಿ, 365 ದಿನದ 3,15,36,000 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 2.98 ಗುಣಿಸು 10ರ 26ನೇ ಘಾತ ಅಣು. 15 ಡಿಗ್ರಿಯಲ್ಲಿ ಒಂದು ಚೌಕದ ವಿಸ್ತೀರ್ಣ 1.41 ಗುಣಿಸು 10ರ 14 ಚದರ ಸೆಂ.ಮೀ. ಒಂದು ಕಿ.ಮೀ. ದಪ್ಪದ ಪದರಕ್ಕೆ ಸುರಿದರೆ ಉತ್ತರ 2.1 ಗುಣಿಸು 10ರ 7. ನಿಮ್ಮ ಕಡತದಲ್ಲಿ ಇದರ ಅರ್ಧ ಬಂದಿದ್ದರೆ ಗಂಧಕದ ಟನ್ನನ್ನೇ ಎಸ್‌ಒ2ದ ಟನ್ ಎಂದು ತಿಳಿದು 64ರಿಂದ ಭಾಗಿಸಿದ್ದೀರಿ. ದುಪ್ಪಟ್ಟು ಬಂದಿದ್ದರೆ ಎಸ್‌ಒ2ವನ್ನು 32ರಿಂದ ಭಾಗಿಸಿದ್ದೀರಿ. ಲೇಖನಗಳಲ್ಲಿ ಎರಡೂ ಮಾನ ಓಡಾಡ್ತವೆ, ಟನ್ ಯಾವುದರದ್ದೆಂದು ನೋಡದೆ ಮುಟ್ಟಬೇಡಿ.

ಓಟ ಎರಡು ಮೂರು ವರ್ಷ ದಾಟಿದ ಮೇಲೆ ಒಟ್ಟು ರಾಶಿ ಅಳೆಯಿರಿ. ವರ್ಷಕ್ಕೆ 10 ದಶಲಕ್ಷ ಟನ್ ಎಸ್‌ಒ2 ಎಂದರೆ 5 ದಶಲಕ್ಷ ಟನ್ ಗಂಧಕ. ಆಯುಸ್ಸು ಸುಮಾರು ಒಂದು ವರ್ಷವಾದ್ದರಿಂದ ಮೇಲೆ ನಿಂತಿರಬೇಕಾದ್ದೂ 5ರ ಆಸುಪಾಸು. 0.5 ಕಂಡರೆ ನೀವು ಬಿಟ್ಟದ್ದು ಸ್ಟ್ರಾಟೋಸ್ಫಿಯರಿಗೆ ಅಲ್ಲ, ಕೆಳಗೆ. ಉಷ್ಣವಲಯದಲ್ಲಿ ಅದರ ನೆಲಗಟ್ಟು 16–17 ಕಿ.ಮೀ. ಎತ್ತರದಲ್ಲಿ ಉಂಟು. ಕಡತದಲ್ಲಿ ಎತ್ತರ ಕಿ.ಮೀ.ನಲ್ಲಿ ಕೊಡಬೇಕಾದಲ್ಲಿ ಮೀಟರ್ ಕೊಟ್ಟರೂ ಅನಿಲ ಎಲ್ಲೋ ಮಾಯ.

ಅಡಿಕೆ ಸೋಗೆ:
ಚದುರಿದ ಬೆಳಕು ಅಂದ್ರಲ್ಲ, ತೋಟಕ್ಕೆ ಒಳ್ಳೇದಾ ಕೆಟ್ಟದಾ? ಅಡಿಕೆಯ ಕೆಳಗೆ ಕೊಕ್ಕೋ, ಬಾಳೆ, ಮರಕ್ಕೆ ಹಬ್ಬಿದ ಒಳ್ಳೆಮೆಣಸು ಎಲ್ಲ ನೆರಳಿನವೇ.

ಮಳೆಮಾಪಕ:
ನೇರ ಬಿಸಿಲು ಕಮ್ಮಿ, ಚದುರಿದ್ದು ಜಾಸ್ತಿ. ಪಿನಟುಬೊ ನಂತರ ಅಮೆರಿಕದ ಹಾರ್ವರ್ಡ್ ಕಾಡಿನಲ್ಲಿ ಮೋಡವಿಲ್ಲದ ಮಧ್ಯಾಹ್ನ ದ್ಯುತಿಸಂಶ್ಲೇಷಣೆ ಏರಿದ್ದು ಅಳತೆಯಲ್ಲಿ ಸಿಕ್ಕಿದೆ. ಕೆಳಗಿನ ಎಲೆಗಳಿಗೂ ಬೆಳಕು ಮುಟ್ಟಿತು. ನೆಲದ ಮಾಡೆಲ್ ಬಿಸಿಲೆಲೆ, ನೆರಳೆಲೆ ಎಂದು ಎರಡಾಗಿ ಲೆಕ್ಕ ಹಾಕುವುದರಿಂದ ಇದು ಕಾಣ್ತದೆ, ಕಣ ಬಿಟ್ಟ ಓಟದಲ್ಲಿ ಮಾತ್ರ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಹೇಗೂ ಮೋಡದ ಬೆಳಕು, ಮೊದಲೇ ಚದುರಿದ್ದು. ಲಾಭ ಇದ್ದರೆ ನವೆಂಬರ್‌ನಿಂದ ಏಪ್ರಿಲ್ ಒಳಗೆ ಹುಡುಕಿ. ಅಡಿಕೆಯ ಕೆಳಗೆ ಕೊಕ್ಕೋ ಎಂಬ ಎರಡಂತಸ್ತಿನ ತೋಟ ಮಾತ್ರ ಮಾಡೆಲಿನಲ್ಲಿ ಇಲ್ಲ. ನಮ್ಮ ಚೌಕದ ನೆಲ ಅದಕ್ಕೆ ಉಷ್ಣವಲಯದ ಮರ, ಹುಲ್ಲು, ಬೆಳೆ ಇವುಗಳ ಶೇಕಡಾ ಪಾಲು, ಅಷ್ಟೆ.

ಎಣ್ಮಕಜೆ:
ಇಷ್ಟೊತ್ತು ಓದಿದೆ. ಮೇಲಿನಿಂದ ಚಿಮುಕಿಸುವ ಮಾತು ಈ ಊರಿನಲ್ಲಿ ಹಗುರವಾಗಿ ಎತ್ತುವಂಥದ್ದಲ್ಲ. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಬಿತ್ತು, ದೇಶಕ್ಕೆಲ್ಲ ನಿಷೇಧ ಬಂದದ್ದು 2011ರಲ್ಲಿ. ಆಗಲೂ ಗಾಳಿಗೆ ಎಷ್ಟು ಹಾರ್ತದೆ, ಎಷ್ಟು ದಿನ ಉಳೀತದೆ ಎಂದು ಕಾಗದದಲ್ಲಿ ಲೆಕ್ಕ ಇತ್ತು. ನಿಮ್ಮ ಮಾಡೆಲಿನಲ್ಲಿ "ನಿಲ್ಲಿಸಿ" ಎಂದು ಹೇಳುವವರಿಗೆ ಯಾವ ಚರ ಉಂಟು?

ಬೇಕಲದ ಗಾಳಿ:
ವಸ್ತು ಬೇರೆ, ಅದನ್ನು ಮೊದಲು ಹೇಳ್ತೇನೆ. ಎಂಡೋಸಲ್ಫಾನ್ ಕ್ಲೋರಿನ್ ಇರುವ ಕೀಟನಾಶಕ, ಕೊಬ್ಬಿನಲ್ಲಿ ಉಳಿಯುವಂಥದ್ದು. ಇದು ಕಲ್ಲಿದ್ದಲು ಸುಟ್ಟರೆ ಬರುವ ಅನಿಲವೇ, ಮೇಲೆ ಹೇಳಿದ 10 ದಶಲಕ್ಷ ಟನ್ನಿನ ಹಲವು ಪಟ್ಟು ಈಗಲೇ ನೆಲದ ಹತ್ತಿರ ಬಿಡ್ತಾ ಇದ್ದೇವೆ. ಮೇಲೆ ಬಿಟ್ಟದ್ದು ಇಳಿಯುವುದು ಹೆಚ್ಚಾಗಿ ಮಧ್ಯ ಅಕ್ಷಾಂಶಗಳಲ್ಲಿ. ಅಪಾಯ ಬೇರೆ ಕಡೆ ಉಂಟು: ಕಣದ ಮೇಲ್ಮೈಯಲ್ಲಿ ಕ್ಲೋರಿನ್ ಎಚ್ಚರಗೊಂಡು ಧ್ರುವದ ಓಝೋನ್ ಚೇತರಿಸುವುದು ತಡವಾಗ್ತದೆ.

ಮಳೆಮಾಪಕ:
ಎಣ್ಮಕಜೆಯವರ ಪ್ರಶ್ನೆಗೆ ಅದು ಉತ್ತರ ಅಲ್ಲ. ಚರ ಇಲ್ಲ. ನಿಯಂತ್ರಕಕ್ಕೆ ಮೂರು ತಾಪ ಬಿಟ್ಟು ಬೇರೆ ಏನೂ ಕೇಳುವುದಿಲ್ಲ, ಮುಂಗಾರು ಕೂಡ. ಗುರಿ ಯಾವುದು ಎಂದು ಬರೆದವರು ಮೊದಲೇ ತೀರ್ಮಾನಿಸಿದ್ದಾರೆ.

"ನಿಲ್ಲಿಸಿ" ಎಂದಾಗ ಎಂತಾಗ್ತದೆ ಎಂಬುದನ್ನು ಮಾತ್ರ ಓಡಿಸಿ ನೋಡಿದ್ದಾರೆ. ಜಿಯೋಮಿಪ್‌ನ ಜಿ4ರಲ್ಲಿ 2020ರಿಂದ ವರ್ಷಕ್ಕೆ 5 ದಶಲಕ್ಷ ಟನ್ ಎಸ್‌ಒ2, ಐವತ್ತು ವರ್ಷದ ನಂತರ ಒಮ್ಮೆಲೇ ಬಂದ್, ಮತ್ತೆ ಇಪ್ಪತ್ತು ವರ್ಷ ಓಟ. ಒಂದೆರಡು ವರ್ಷದಲ್ಲಿ ಕಣ ಮಾಯ, ತಡೆದಿಟ್ಟ ಬಿಸಿ ಹೆಚ್ಚಿನದ್ದು ಒಂದೆರಡು ದಶಕದೊಳಗೆ ವಾಪಸ್. ಸುರು ಮಾಡಿದ ಮೇಲೆ ನಿಲ್ಲಿಸುವುದೂ ನಿಧಾನ ಮಾಡಬೇಕು ಎಂದು ಅದರಿಂದ ತಿಳೀತದೆ. ಹೊಲದಲ್ಲಿ ಚಿಮುಕಿಸುವುದನ್ನು ನಾಳೆ ನಿಲ್ಲಿಸಬಹುದಿತ್ತು. ಇದನ್ನು ಹಾಗೆ ಆಗುವುದಿಲ್ಲ.

ಎಣ್ಮಕಜೆ:
ಇಷ್ಟು ನೇರ ಹೇಳಿದ್ದು ಸಾಕು.

ಪಯಸ್ವಿನಿ ದಡ:
ಹತ್ತೂ ಸದಸ್ಯರ ಪ್ರೆಕ್-ಸಿ, ಪ್ರೆಕ್-ಎಲ್ ಇಳೀತಾ ಉಂಟು, ಎರಡೂ ಪ್ರಯೋಗದ್ದು. 8ರಿಂದ 15 ಉತ್ತರ, 74ರಿಂದ 77 ಪೂರ್ವ, ನೆಲದ ತೂಕ ಕೊಟ್ಟು, ಜೂನ್‌ನಿಂದ ಸೆಪ್ಟೆಂಬರ್. ಆಧಾರ ಎರಡು: ಅದೇ ವರ್ಷಗಳು, ಮತ್ತೆ 2020–2039. ಹವಾಮಾನ ಇಲಾಖೆಯ ಕಾಲು ಡಿಗ್ರಿ ಮಳೆ ಕಡತಕ್ಕೆ ಹೊಂದಿಸಿ ಚೌಕವನ್ನು ಸಣ್ಣದು ಮಾಡಬೇಕಾ?

ಕುಂಬಳೆ ಮಾಷ್:
ಶೇಕಡಾ ಬದಲಾವಣೆಯನ್ನು ಆ ಕಡತದ ಸರಾಸರಿಗೆ ಗುಣಿಸಿ ನಿಲ್ಲಿಸಿ. ಹಂಚಿಕೆ ಹೊಂದಿಸುವ ವಿಧಾನ ಹಳೆ ಮಳೆಗೂ ಹಳೆ ಮಾಡೆಲಿಗೂ ಇದ್ದ ಸಂಬಂಧ ಮುಂದೆಯೂ ಹಾಗೇ ಇರ್ತದೆ ಎಂದು ನಂಬ್ತದೆ. ಗಂಧಕದ ಆಕಾಶದ ಕೆಳಗೆ ಅದನ್ನು ನಂಬ್ಲಿಕ್ಕೆ ನಮ್ಮ ಬಳಿ ಹಳೆ ವರ್ಷ ಒಂದೂ ಇಲ್ಲ. ಮತ್ತೆ ಕೊನೆ ಹಾಳೆ ಇಳಿಸುವ ಮೊದಲು ಡಿಸೆಂಬರ್ 2069ರ ಮುದ್ರೆ ಜನವರಿ 1, 2070 ಎಂದು ಇರ್ತದೆ, ಅದನ್ನು ಕತ್ತರಿಸಿ ಬಿಸಾಡಬೇಡಿ.

ಪಯಸ್ವಿನಿ ದಡ:
ಬಿಸಾಡಿದ್ದೆ. ಮತ್ತೆ ಇಳಿಸ್ತೇನೆ.